ಅತ್ತಿಮರದ ಕಡಿಯದ ಕೊಂಬೆ

ಮೊದಲ ದಿನವೇ ಆಕೆ ನನ್ನ ಮೇಲೆ ಮಣ್ಣಿನ ಹೆಂಟೆ ಎಸೆದಳು. ಅದು ಗುರಿ ತಪ್ಪಿ ಟ್ರೈಪಾಡಿನ ಕಾಲಿಗೆ ಬಡಿದು ಪುಡಿಯಾಯಿತು. ನಾನು ಹಳ್ಳದ ದಂಡೆಯಲ್ಲಿ ಬಗ್ಗಿ ಒಂದು ಅತ್ತಿಮರವನ್ನು ಕ್ಯಾಮೆರಾದ ಚೌಕಟ್ಟಿಗೆ ಹೊಂದಿಸುತ್ತಿದ್ದೆ. ತಿರುಗಿ ನೋಡಿದರೆ ಐವತ್ತು ದಾಟಿದ ಕುರಿಯಾಕೆಯೊಬ್ಬಳು ಸೆರಗನ್ನು ಸೊಂಟಕ್ಕೆ ಬಿಗಿದು ಇನ್ನೊಂದು ಹೆಂಟೆ ಆರಿಸುತ್ತಿದ್ದಳು.

"ಯಾರ್ ಕಳಿಸ್ಯಾರ ನಿನಗ? ಪರ್ಸಿ ಕಲ್ಲಿನ ಖಣಿಯವರಾ?"

"ಪಾರ್ಕಿನವರು," ಎಂದೆ.

"ಹಂಗಾದ್ರ ಇನ್ನೂ ಛಲೋ ಆತು," ಎಂದು ಎರಡನೆಯದನ್ನೂ ಎಸೆದಳು. ಈ ಸಲ ಗುರಿ ತಪ್ಪಲಿಲ್ಲ. ಎಡ ಮೊಣಕೈ ಎರಡು ದಿನ ಊದಿಕೊಂಡಿತ್ತು.

ತಾಂಡೂರಿನ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಅಪ್ಪ ಬಿಟ್ಟುಹೋದದ್ದು. ಪಾಸ್‌ಪೋರ್ಟ್ ಸೈಜಿನ ಮುಖಗಳು, ಮದುವೆ, ಬಸುರಿಯರ ಕುಬುಸ, ತೊಟ್ಟಿಲು, ಇಷ್ಟರಲ್ಲೇ ಹದಿನೆಂಟು ವರ್ಷ ಕಳೆದಿದ್ದೇನೆ. ಹೆಣ್ಣುಮಗಳು ಕ್ಯಾಮೆರಾ ಹಿಡಿದಿದ್ದಾಳೆಂದು ಮೊದಮೊದಲು ಕೆಲಸ ಕೊಡದವರು ಆಮೇಲೆ ಅದೇ ಕಾರಣಕ್ಕೆ ಕರೆಯತೊಡಗಿದರು. ಕುಬುಸದ ಕೋಣೆಯೊಳಕ್ಕೆ ಗಂಡಸನ್ನು ಬಿಟ್ಟುಕೊಳ್ಳುವುದಕ್ಕಿಂತ ನಾನು ವಾಸಿಯೆಂದು. ಸಿಟ್ಟಿನವಳು ಎಂಬ ಹೆಸರು ನನಗೆ ಮೊದಲಿನಿಂದಲೂ ಇದೆ. ಮದುಮಗನ ಸೋದರಮಾವನನ್ನು "ಅಡ್ಡ ನಿಲ್ಲಬ್ಯಾಡ್ರಿ" ಎಂದು ಗದರಿಸಿ ಊಟವಿಲ್ಲದೆ ಬಂದ ದಿನಗಳಿವೆ. ಹೆಸರು ಸುಳ್ಳೆಂದು ನಾನು ಎಂದೂ ವಾದಿಸಿಲ್ಲ.

ಬಶೀರಾಬಾದಿನ ಬಸ್ಸು ಹಿಡಿದು ಅರ್ಧ ದಾರಿಯಲ್ಲಿ ಇಳಿದರೆ ಒಂದು ಗಾಯರಾಣ ಸಿಗುತ್ತದೆ. ಊರ ದನ, ಕುರಿ ಮೇಯಲಿಕ್ಕೆಂದು ಹಿಂದಿನವರು ಬಿಟ್ಟ ಬಯಲು. ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ಜಾಲಿ, ಬಾರಿ, ಮುತ್ತಲ. ನಡುವೆ ಪದರು ಪದರಾದ ಕಲ್ಲಿನ ಮೇಲೆ ಹರಿಯುವ ಒಂದು ಹಳ್ಳ. ಇದನ್ನು ಪಾರ್ಕು ಮಾಡುತ್ತೇವೆಂದು ಮೂರು ಕಡೆ ತಂತಿಬೇಲಿ ಹಾಕಿದರು. ಬಾಗಿಲಲ್ಲಿ ಸಿಮೆಂಟಿನ ಜಿಂಕೆ ನಿಲ್ಲಿಸಿದರು. ಇಷ್ಟು ಒಳ್ಳೆಯ ಹುಲ್ಲಿರುವ ನೆಲವನ್ನು ಅವರ ಕಾಗದದಲ್ಲಿ ಬಂಜರು ಎಂದು ಬರೆದಿತ್ತು. ಬಾಗಿಲ ಬಳಿ ಇದ್ದ ಹುಲ್ಲನ್ನು ಕಿತ್ತು ಬೇರೆ ಹುಲ್ಲು ಹಾಕಿದರು, ಅದಕ್ಕೆ ಲಾನ್ ಎಂದು ಹೆಸರು.

ಪಾರ್ಕಿನ ಉಸ್ತುವಾರಿಯ ಸಾಹೇಬರು ನನ್ನನ್ನು ಕರೆಸಿ, ವರ್ಷವಿಡೀ ಬಂದು ಇಲ್ಲಿನ ಮರ, ಹಳ್ಳಗಳ ಫೋಟೋ ತೆಗೆಯಬೇಕು, ದಾರಿಯುದ್ದಕ್ಕೂ ಫಲಕ ಹಾಕಿಸುತ್ತೇವೆ ಎಂದರು. ಮರದ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಅಲ್ಲಿಯವರೆಗೂ ಆಗುತ್ತಿರಲಿಲ್ಲ. ಹೈದರಾಬಾದಿನಿಂದ ವಿಕಾರಾಬಾದಿನ ಗುಡ್ಡಕ್ಕೆ ಬಂದು ಎಲೆಯ ಮೇಲಿನ ಹನಿ ತೆಗೆದುಕೊಂಡು ಹೋಗುವ ಜನ. ಮದುಮಗಳಿಗಾದರೆ ಗದ್ದ ಎತ್ತು ಎನ್ನಬಹುದು, ಮರಕ್ಕೆ ಏನು ಹೇಳುವುದು? ಆದರೂ ಒಪ್ಪಿದೆ. ಎರಡೇ ತಿಂಗಳಲ್ಲಿ ಆ ಅತ್ತಿಮರ ನನ್ನನ್ನು ಹಿಡಿದುಹಾಕಿತು.

ಅದು ವಿಚಿತ್ರ ಆಕಾರದ ಮರ. ಕುರಿಗೆ ಸೊಪ್ಪಿಗಾಗಿ ಎಲ್ಲ ಕೊಂಬೆಗಳನ್ನೂ ವರ್ಷವರ್ಷವೂ ಕಡಿದು ಬೋಳು ಮಾಡಿದ್ದರು. ಒಂದನ್ನು ಮಾತ್ರ ಮುಟ್ಟಿರಲಿಲ್ಲ. ಆ ಒಂದು ಕೊಂಬೆ ಹಳ್ಳದ ಮೇಲೆ ಉದ್ದಕ್ಕೂ ಚಾಚಿಕೊಂಡು ತುಂಬು ಎಲೆಯಲ್ಲಿ ನಿಂತಿತ್ತು. ಪ್ರತಿ ತಿಂಗಳೂ ಒಂದೇ ಜಾಗದಲ್ಲಿ ನಿಂತು, ಒಂದೇ ಹೊತ್ತಿನ ಬೆಳಕಿನಲ್ಲಿ ಅದನ್ನು ತೆಗೆಯಬೇಕೆಂದು ನಿಶ್ಚಯಿಸಿದೆ. ಮುಂಗಾರಿನ ಮಿರಗದ ಮಳೆಯಲ್ಲಿ ಕೆಂಪು ನೀರು ಅದರ ಕೆಳಗೆ ಓಡಿತು. ದಸರೆಗೆ ನೀರು ತಿಳಿಯಾಯಿತು. ಸಂಕ್ರಾಂತಿಗೆ ಹಳ್ಳ ನಿಂತು, ಬರೀ ಉಸುಕು ಮತ್ತು ಕಲ್ಲು ಉಳಿಯಿತು.

ಅಷ್ಟೂ ತಿಂಗಳು ಕುರಿಯಾಕೆ ನನ್ನನ್ನು ಬೈಯುತ್ತಲೇ ಇದ್ದಳು. ಬೇಲಿಯಿಲ್ಲದ ನಾಲ್ಕನೆಯ ಕಡೆ ಹಳ್ಳವೇ ಇದ್ದುದರಿಂದ ಕುರಿಗಳು ಅಲ್ಲಿಂದ ಒಳಗೆ ಬರುತ್ತಿದ್ದವು. ನಾನು ಬೆಳಕಿಗಾಗಿ ಒಂದು ತಾಸು ಕಾದು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಆಕೆಯ ಹಿಂಡು ಚೌಕಟ್ಟಿನೊಳಗೆ ನುಗ್ಗುತ್ತಿತ್ತು. ಬೇಕೆಂದೇ ಹೊಡೆಯುತ್ತಾಳೆ ಎಂದು ನನಗೆ ಗೊತ್ತಿತ್ತು.

"ಯಕ್ಕಾ, ಜರಾ ಆ ಕಡಿಂದ ಹೊಡ್ಕೊಂಡು ಹೋಗ್ರಿ."

"ಯಾಕ, ಆ ಗಿಡ ನಿಮ್ಮಪ್ಪ ಹಚ್ಯಾನೇನು? ದಿನಾ ಬಂದು ಅದರ ಮುಂದೇ ಯಾಕ ನಿಂದ್ರತಿ? ಇಷ್ಟು ಗಿಡ ಅವಾ, ಬ್ಯಾರೇದು ನೋಡು."

ಇಬ್ಬರ ನಾಲಿಗೆಯೂ ಹರಿತ. ನಾನು ಅವಳ ಕುರಿಗಳನ್ನು ಹುಳುಕು ಎಂದೆ, ಅವಳು ನನ್ನ ಕ್ಯಾಮೆರಾ ಮೂರು ಕಾಲಿನ ಪೀಡೆ ಎಂದಳು. ಅವಳಿಗೆ ಆ ಮರದ ಬಗ್ಗೆಯೇ ಏಕೆ ಇಷ್ಟು ಉರಿ ಎಂದು ನಾನು ಯೋಚಿಸಲಿಲ್ಲ. ನನ್ನ ಮೇಲಿನ ಉರಿ ಎಂದುಕೊಂಡೆ.

ಹೋಳಿಗೆ ಮುಂಚಿನ ಒಂದು ನಸುಕಿನಲ್ಲಿ ಗೊತ್ತಾಯಿತು. ಮೊದಲ ಬಸ್ಸಿಗೆ ಬಂದು, ಎಂದಿನ ದಾರಿ ಬಿಟ್ಟು ದಂಡೆಯ ಮೇಲಿನಿಂದ ಇಳಿಯುತ್ತಿದ್ದೆ. ಆಕೆ ಆ ಕೊಂಬೆಯ ಕೆಳಗೆ ಉಸುಕಿನಲ್ಲಿ ಮೊಣಕಾಲೂರಿ ಕೂತಿದ್ದಳು. ಕೈಯಿಂದ ಉಸುಕು ಸರಿಸಿದಳು, ಕೆಳಗಿದ್ದ ಹಾಸುಗಲ್ಲನ್ನು ಎತ್ತಿ ಬದಿಗಿಟ್ಟಳು. ಅಡಿಯಲ್ಲಿ ನೀರು. ಕಲ್ಲಿನ ಎರಡು ಪದರುಗಳ ಸಂದಿನಿಂದ ಜಿನುಗಿ ನಿಂತ ವರತಿ. ತೆಂಗಿನ ಪರಟೆಯಿಂದ ಮೊಗೆಮೊಗೆದು ಮರದ ದೋಣಿಗೆ ಹಾಕಿದಳು, ಕುರಿಗಳು ಸಾಲಾಗಿ ಬಂದು ಕುಡಿದವು. ಸುತ್ತಲಿನ ಹರದಾರಿ ನೆಲ ಒಣಗಿ ಬಿರಿದಿರುವಾಗ ಅಲ್ಲಿ ಅಷ್ಟು ನೀರಿತ್ತು.

ನನ್ನನ್ನು ಕಂಡಾಗ ಅವಳು ಬೈಯಲಿಲ್ಲ. ಮುಖ ಕಪ್ಪಿಟ್ಟಿತು. ಬಂದು ನನ್ನ ರಟ್ಟೆ ಹಿಡಿದು ಕೂರಿಸಿದಳು. ಹೆಗಲ ಮೇಲಿನ ಕಂಬಳಿ ತೆಗೆದು ಉಸುಕಿನ ಮೇಲೆ ಹಾಸಿ, ನನ್ನ ಬಲಗೈಯನ್ನು ಅದಕ್ಕೆ ಒತ್ತಿದಳು.

"ಇದು ಎರಡು ಮನಿ ನೀರು. ನಂದು, ನನ್ನ ನೆಗೆಣ್ಣಿದು. ಮೂರನೇದವರಿಗೆ ಗೊತ್ತಾಗಬಾರದು. ಕಂಬಳಿ ಮುಟ್ಟಿ ಅನ್ನು."

ಕಂಬಳಿಯಾಣೆ, ಹೇಳುವುದಿಲ್ಲ ಎಂದೆ. ಆಮೇಲೆ ಆಕೆ ದನಿ ತಗ್ಗಿಸಿ ಇನ್ನೂ ಒಂದು ಮಾತು ಹೇಳಿದಳು. "ನೀ ನೋಡಿದ್ದು ನೆಗೆಣ್ಣಿಗೂ ತಿಳೀಬಾರದು. ನಾ ತಗದಾಗ ನೋಡ್ಯಾಳ ಅಂದ್ರ ತಪ್ಪು ನಂದಾಗ್ತದ."

ಅವರ ಕಟ್ಟಳೆ ಆಗ ತಿಳಿಯಿತು. ಬೆಳಗಿನ ಸರದಿ ಹಿರಿಯಾಕೆಯಾದ ಇವಳದು, ಮಧ್ಯಾಹ್ನದ್ದು ನೆಗೆಣ್ಣಿಯದು, ಅಂದರೆ ಇವಳ ಮೈದುನನ ಹೆಂಡತಿಯದು. ಕುಡಿಸಿದ ಮೇಲೆ ಕಲ್ಲು ಮುಚ್ಚಿ, ಉಸುಕೆಳೆದು, ಹೆಜ್ಜೆ ಅಳಿಸಲು ಜಾಲಿಯ ಕೊಂಬೆಯಿಂದ ಗುಡಿಸಿ ಹೋಗಬೇಕು. ಪರಟೆಯೊಂದನ್ನು ಬಿಟ್ಟು ಬೇರೇನನ್ನೂ ಅದ್ದುವಂತಿಲ್ಲ. ಮಳೆಗಾಲದ ಪ್ರವಾಹ ಉಸುಕನ್ನೆಲ್ಲ ಅತ್ತಿತ್ತ ಮಾಡಿದರೂ ಜಾಗ ತಪ್ಪದಿರಲೆಂದು ನೀರಿನ ನೇರಕ್ಕೆ ಚಾಚಿದ ಕೊಂಬೆಯನ್ನು ಕಡಿಯದೆ ಬಿಡುತ್ತಾರೆ. ಅವರ ಅತ್ತೆಯ ಕಾಲದಿಂದ ಹಾಗೇ ಬಂದಿತ್ತು. ನಾನು ತಿಂಗಳು ತಿಂಗಳು ಫೋಟೋ ತೆಗೆದದ್ದು ಅವರ ನೀರಿನ ಗುರುತನ್ನು.

ಆ ಬೇಸಿಗೆ ಆಗಲೇ ಕೆಟ್ಟದಾಗಿ ಶುರುವಾಗಿತ್ತು. ಆ ವರತಿ ಉಳಿದರೆ ಎರಡೂ ಮನೆಯ ಕುರಿ ಮಳೆಯವರೆಗೆ ಊರಲ್ಲೇ ಇರುತ್ತಿದ್ದವು. ಇಲ್ಲದಿದ್ದರೆ ರಾಜ್ಯದ ಗಡಿ ದಾಟಿ ಅನ್ಯರ ಹೊಲ, ಅನ್ಯರ ನೀರಿಗೆ ಹೋಗಬೇಕಿತ್ತು. ಅದೂ ನನಗೆ ಆಕೆಯೇ ಹೇಳಿದ್ದು. ಗೊತ್ತಿರಲಿಲ್ಲ ಎನ್ನಲು ನನಗೆ ಬಾಯಿಲ್ಲ.

ಯುಗಾದಿಗೆ ಹದಿನೈದು ದಿನವಿರುವಾಗ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ ಸಾಹೇಬರ ಮೇಜಿನ ಮೇಲೆ ಹರಡಿದೆ. ಅತ್ತಿಮರದ್ದು ಎಲ್ಲಕ್ಕಿಂತ ಮೇಲೆ. ಅವರು ಮೊಬೈಲಿನಲ್ಲಿ ಮಾತಾಡುತ್ತಲೇ ಒಂದೊಂದನ್ನು ಬದಿಗೆ ಸರಿಸಿದರು. ಆಮೇಲೆ ತೆಲುಗಿನಲ್ಲಿ, ಇದೇನಮ್ಮಾ, ಒಣಹಳ್ಳ, ಬೋಳು ಮರ, ಇದನ್ನು ನೋಡಲು ಯಾರು ಬರುತ್ತಾರೆ, ಇದರ ಬದಲು ನೆಟ್ಟಿನಲ್ಲಿ ಸಿಗುವ ಒಂದು ಜಲಪಾತ ಹಾಕಿಸಿಬಿಡೋಣ ಎಂದರು.

ನನಗೆ ತಲೆ ಕೆಟ್ಟುಹೋಯಿತು. ಒಂಬತ್ತು ತಿಂಗಳ ಕೆಲಸ. ಮೊಣಕೈಗೆ ಹೆಂಟೆ ತಿಂದು, ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಂದು ತೆಗೆದದ್ದು. ಅದರ ಜಾಗಕ್ಕೆ ಯಾವುದೋ ದೇಶದ ಜಲಪಾತ.

"ಒಣಹಳ್ಳ ಅಂತ ಯಾರು ಅಂದ್ರು?" ಎಂದೆ. ಬೆರಳನ್ನು ಫೋಟೋದ ಮೇಲೆ ಕುಟ್ಟಿದೆ. "ಈ ಕೊಂಬಿ ಕೆಳಗ ಒಂದು ಮೊಳ ಉಸುಕು ತಗೀರಿ. ನೀರು ಅದಾವ. ಊರೆಲ್ಲಾ ಬತ್ತಿದ್ರೂ ಅಲ್ಲಿ ಬತ್ತಲ್ಲ. ಕಣ್ಣಿದ್ದವರಿಗೆ ಫೋಟೋದಾಗೇ ಕಾಣಸ್ತದ."

ಸಾಹೇಬರು ಮೊಬೈಲನ್ನು ಕಿವಿಯಿಂದ ತೆಗೆದರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಫೋಟೋವನ್ನು ಕೈಗೆತ್ತಿಕೊಂಡು ನೋಡಿದರು. ಆ ಕ್ಷಣದಲ್ಲಿ ನನಗೆ ಆದದ್ದು ಸಂತೋಷ. ಸುಳ್ಳೇಕೆ, ಶುದ್ಧ ಸಂತೋಷ. ಕಂಬಳಿಯ ನೆನಪಾದದ್ದು ತಾಂಡೂರಿಗೆ ವಾಪಸು ಬರುವ ಬಸ್ಸಿನಲ್ಲಿ. ಆಗಲೂ, ಅವರಿಗೇನು, ಕುರ್ಚಿ ಬಿಟ್ಟು ಏಳುವವರಲ್ಲ, ಮರೆತುಬಿಡುತ್ತಾರೆ ಎಂದುಕೊಂಡೆ.

ಮರೆಯಲಿಲ್ಲ. ಲಾನ್ ಒಣಗುತ್ತಿತ್ತು, ಅವರಿಗೂ ಮೇಲಿನವರ ಕಾಟವಿದ್ದಿರಬೇಕು. ವಾರದೊಳಗೆ ಕಲ್ಲು ಒಡೆಸಿ, ಗುಂಡಿ ಅಗಲಿಸಿ, ಸಿಮೆಂಟಿನ ಉಂಗುರ ಇಳಿಸಿ ಮೋಟಾರು ಕೂರಿಸಿದರು. ಯುಗಾದಿಯ ದಿನ ಹೋದರೆ ಬಾಗಿಲಲ್ಲಿ ಸಿಮೆಂಟಿನ ಜಿಂಕೆಯ ಕಾಲಡಿ ನೀರು ಚಿಮ್ಮುತ್ತಿತ್ತು. ಪಕ್ಕದಲ್ಲೇ ಆಳೆತ್ತರದ ಫಲಕ, ಅದರ ತುಂಬ ನನ್ನ ಅತ್ತಿಮರ. ಎಷ್ಟು ಚೆನ್ನಾಗಿ ಬಂದಿದೆಯೆಂದು ನಾಲ್ಕು ಜನ ಅಂದರು.

ಹಳ್ಳಕ್ಕೆ ಇಳಿದೆ. ಕುರಿಯಾಕೆ ಆ ಉಂಗುರದ ಪಕ್ಕ ನಿಂತಿದ್ದಳು. ಮೋಟಾರು ಎಳೆದು ಎಳೆದು ಒಳಗೆ ಕೆಸರು ಬಿಟ್ಟರೆ ಏನೂ ಉಳಿದಿರಲಿಲ್ಲ. ನನ್ನನ್ನು ಕಂಡದ್ದೇ ಶುರುಮಾಡಿದಳು, ಆದರೆ ಬೈಗುಳ ನನಗಲ್ಲ.

"ನೋಡ್ದ್ಯಾ ನನ್ನ ನೆಗೆಣ್ಣಿ ಮಾಡಿದ್ದು? ಗಂಡಗ ಪಾರ್ಕಿನಾಗ ಮಾಲಿ ಕೆಲಸ ಕೊಟ್ಟಾರ, ಅದರ ಸಲುವಾಗಿ ನೀರು ಮಾರ್ಯಾಳ. ಮುಚ್ಚಿದ ನೀರು ಎರಡು ಮನಿಗೇ ಗೊತ್ತಿತ್ತು. ನಾ ಹೇಳಿಲ್ಲ ಅಂದ ಮ್ಯಾಲ ಮತ್ತ್ಯಾರು ಹೇಳ್ಯಾರ? ಆಕಿ ಬಾಗಲಾಗ ನಿಂತು ಓಣಿಗೆಲ್ಲಾ ಕೇಳೋ ಹಂಗ ಅಂದು ಬಂದೀನಿ. ಹಿಂಡು ಬ್ಯಾರೆ ಮಾಡೀನಿ."

ಮೈದುನನಿಗೆ ಆ ಕೂಲಿ ಸಿಕ್ಕಿದ್ದು ನಿಜವೇ. ಸಿಕ್ಕಿದ್ದು ಮೋಟಾರು ಕೂರಿಸಿದ ಮೇಲೆ, ಪೈಪು ಹಿಡಿಯಲು ಒಬ್ಬ ಆಳು ಬೇಕಾಗಿದ್ದಕ್ಕೆ. ನಾನು ಆಗಲೇ ಹೇಳಬೇಕಿತ್ತು. ಯಾರ ಮುಖಕ್ಕೆ ಬೇಕಾದರೂ ಹೊಡೆದಂತೆ ಮಾತಾಡುವವಳು ಅಂದು ಕ್ಯಾಮೆರಾದ ಚೀಲ ಹೆಗಲಿಗೇರಿಸಿ, ಬಿಸಿಲು ಜೋರೆಂದು ಗೊಣಗಿ ಹೊರಟುಬಂದೆ. ಅಷ್ಟು ಹೇಡಿತನ ನನ್ನಲ್ಲಿದೆಯೆಂದು ನನಗೂ ತಿಳಿದಿರಲಿಲ್ಲ.

ಆ ವಾರವೇ ಎರಡೂ ಮನೆಯ ಗಂಡಸರು ಕುರಿ ಹೊಡೆದುಕೊಂಡು ಗಡಿಯಾಚೆ ಹೋದರು. ಹಿರಿಯಾಕೆಯ ಗಂಡ ಒಂದು ದಾರಿಯಲ್ಲಿ, ಮೈದುನ ಹೊಸ ಕೂಲಿ ಬಿಟ್ಟು ಇನ್ನೊಂದು ದಾರಿಯಲ್ಲಿ. ಹೆಂಗಸರು ಊರಲ್ಲಿ ಉಳಿದರು.

ತಿಂಗಳ ಮೇಲೆ ಒಂದು ಕುಬುಸದ ಫೋಟೋಕ್ಕೆ ಕರೆ ಬಂತು. ಹೋಗಿ ನೋಡಿದರೆ ನೆಗೆಣ್ಣಿಯ ಮಗಳದ್ದೇ, ಚೊಚ್ಚಲು ಬಸುರಿ. ನೆಗೆಣ್ಣಿ ಮೆತ್ತನೆಯ ಮಾತಿನ ಹೆಂಗಸು, ಗಾಯರಾಣದಲ್ಲಿ ಎದುರಾದಾಗಲೆಲ್ಲ "ಉಂಡೇನ್ರಿ?" ಎಂದು ಕೇಳುತ್ತಿದ್ದವಳು. ಹಸಿರು ಸೀರೆ, ಹಸಿರು ಬಳೆ, ಎಲ್ಲ ಸಿದ್ಧವಾಗಿತ್ತು. ಮೊದಲ ಉಡಿ ತುಂಬಬೇಕಾದವಳು ಮನೆಯ ಹಿರಿಯಾಕೆ, ಅಂದರೆ ಹುಡುಗಿಯ ದೊಡ್ಡವ್ವ. ಚಿಕ್ಕಂದಿನಲ್ಲಿ ಅದನ್ನು ಸೊಂಟದ ಮೇಲೆ ಹೊತ್ತು ಕುರಿಯ ಹಿಂದೆ ತಿರುಗಿದವಳು. ಅವಳ ಮನೆ ಅದೇ ಓಣಿಯಲ್ಲಿ, ನಾಲ್ಕು ಬಾಗಿಲು ಆಚೆ. ಹುಡುಗಿ ಮಣೆಯ ಮೇಲೆ ಕೂತು ಮತ್ತೆ ಮತ್ತೆ ಬಾಗಿಲು ನೋಡಿತು. ತಾಸು ಕಾದರು. ಕೊನೆಗೆ ಓಣಿಯ ಇನ್ಯಾರೋ ಮುದುಕಿಯನ್ನು ಕರೆದು ಉಡಿ ತುಂಬಿಸಿದರು. ನೆಗೆಣ್ಣಿ ನನ್ನ ಪಕ್ಕ ಬಂದು, "ಅಕಿ ಅಳೋದು ಬರಬಾರ್ದ್ರಿ ಫೋಟೋದಾಗ," ಎಂದಳು. ನಾನು ತೆಗೆದ ಒಂದು ಫೋಟೋದಲ್ಲೂ ಆ ಹುಡುಗಿ ನಕ್ಕಿಲ್ಲ.

ಮರುದಿನ ಬೆಳಿಗ್ಗೆಯೇ ಹಿರಿಯಾಕೆಯ ಬಾಗಿಲಿಗೆ ಹೋಗಿ ನಿಂತೆ. ಅಂಗಳದಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ನೀಟಾಗಿ ಹೇಳಲು ಬರಲಿಲ್ಲ, ಒಂದೇ ಉಸಿರಿಗೆ ಒದರಿಬಿಟ್ಟೆ. ನೀರಿನ ಜಾಗ ಹೇಳಿದವಳು ನಾನು, ಯಾರೂ ಒತ್ತಾಯ ಮಾಡಿರಲಿಲ್ಲ, ಫೋಟೋ ಚೆನ್ನಾಗಿಲ್ಲ ಅಂದರೆಂದು ಸಿಟ್ಟಿಗೆ ಹೇಳಿದೆ.

ಹೆಂಟೆ ಬರುತ್ತದೆಂದು ಕಾದೆ. ಬಂದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಉಣ್ಣೆಯನ್ನು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡಳು.

"ಫೋಟೋಕ್ಕ," ಎಂದಳು.

"ಹೌದ್ರಿ."

"ನೀರಡಿಸಿ ಹೇಳಿದ್ದಿ ಅಂದ್ರ ನಾ ತಿಳ್ಕೊತಿದ್ದೆ. ರೊಕ್ಕಕ್ಕ ಅಂದ್ರೂ ತಿಳ್ಕೊತಿದ್ದೆ."

ಅವಳು ಬುಟ್ಟಿಯಿಂದ ಮತ್ತೆ ಉಣ್ಣೆ ತೆಗೆದುಕೊಂಡಳು.

"ಆತು. ನನಗ ಹೇಳಿದಿ, ಸಾಕು. ಇನ್ನ ಹೋಗು."

"ನಿಮ್ಮ ನೆಗೆಣ್ಣಿಗೂ ಹೇಳ್ತೀನ್ರಿ. ಆಕಿದೇನೂ ತಪ್ಪಿಲ್ಲ ಅಂತ ಆಕಿ ಮುಂದೇ ಹೇಳ್ತೀನಿ."

ಅವಳು ತಟ್ಟನೆ ತಲೆಯೆತ್ತಿದಳು. "ಬ್ಯಾಡ. ಆಕಿ ಮುಂದ ನೀ ಹೇಳಬ್ಯಾಡ. ನಾ ನೋಡ್ಕೋತೀನಿ."

ಆ ಬೇಡದ ಅರ್ಥ ನನಗೆ ಆಗಲಿಲ್ಲ. ಅಭಿಮಾನ ಎಂದುಕೊಂಡೆ. ತಪ್ಪು ಒಪ್ಪಿಕೊಳ್ಳುವ ಆವೇಶ ನನಗೆ ಹತ್ತಿಬಿಟ್ಟಿತ್ತು. ಸಿಟ್ಟು ಹತ್ತಿದಾಗ ಹೇಗೆ ಎದುರಿಗಿರುವವರು ಕಾಣುವುದಿಲ್ಲವೋ ಹಾಗೆಯೇ. ನಾಲ್ಕು ಬಾಗಿಲು ನಡೆದು ಹೋದೆ. ಅವಳು ಹಿಂದಿನಿಂದ "ಏ ಫೋಟೋದಾಕಿ, ನಿಂದ್ರು" ಎನ್ನುತ್ತ ಬರಿಗಾಲಲ್ಲಿ ಬಂದಳು. ನಾನು ನಿಲ್ಲಲಿಲ್ಲ.

ನೆಗೆಣ್ಣಿ ಕಟ್ಟೆಯ ಮೇಲೆ ತೊಗರಿ ಕೇರುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಹೋಳಿಗೆ ಮುಂಚೆ ನಸುಕಿನಲ್ಲಿ ನೋಡಿದ್ದು, ಕಂಬಳಿ ಮುಟ್ಟಿ ಮಾತು ಕೊಟ್ಟಿದ್ದು, ಸಾಹೇಬರ ಮೇಜಿನ ಮುಂದೆ ಬಾಯಿ ಬಿಟ್ಟಿದ್ದು. ಹೇಳುತ್ತ ಹೇಳುತ್ತ ನನಗೆ ಹಗುರಾಗುತ್ತಿತ್ತು. ಅವಳು ಮೊರ ಕೆಳಗಿಟ್ಟಳು. ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ಅಂಗಳದಲ್ಲಿ ನಿಂತಿದ್ದವಳನ್ನು ನೋಡಿದಳು.

"ಈಕಿಗೆ ಗೊತ್ತಿತ್ತು ಅಂತ ನಿನಗ ಗೊತ್ತಿತ್ತಲ್ಲಕ್ಕಾ?"

ಹಿರಿಯಾಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಮೂರನೇದಾಕಿಗೆ ಗೊತ್ತಿತ್ತು. ಅದು ನಿನಗೂ ಗೊತ್ತಿತ್ತು. ಗೊತ್ತಿದ್ದೂ ನನ್ನ ಬಾಗಲಾಗ ನಿಂತು ನನಗ ಅಂದಿ."

ಮೆತ್ತನೆಯ ದನಿಯಲ್ಲೇ ಹೇಳಿದಳು. ತನ್ನ ತಪ್ಪಿನಿಂದ ಆ ವರತಿ ನನ್ನ ಕಣ್ಣಿಗೆ ಬಿತ್ತೆಂದು ಒಪ್ಪಿಕೊಳ್ಳುವುದಕ್ಕಿಂತ ನೆಗೆಣ್ಣಿಯನ್ನು ಕಳ್ಳಿ ಎನ್ನುವುದು ಹಿರಿಯಾಕೆಗೆ ಸುಲಭವಾಗಿತ್ತು. ಬಹುಶಃ ಅದನ್ನು ಅವಳು ತನಗೆ ತಾನೇ ಹೇಳಿಕೊಂಡಿರಲಿಲ್ಲ. ಈಗ ನಾನು ಅದನ್ನು ಅಂಗಳದ ನಡುವೆ ತಂದು ನಿಲ್ಲಿಸಿದ್ದೆ, ಬೇಡ ಎಂದರೂ ಕೇಳದೆ. ಇಬ್ಬರನ್ನು ಕೂಡಿಸಲು ಬಂದವಳು ನಾನು.

"ನಂದೇ ತಪ್ಪ್ರಿ," ಎಂದೆ, "ಅವರಿಗೆ ಯಾಕ..."

"ನೀವು ಹೊರಗಿನವರ್ರಿ. ನಿಮಗ ನಾ ಏನನ್ಲಿ?" ಎಂದು ನೆಗೆಣ್ಣಿ ಒಳಗೆ ಹೋದಳು.

ನಮ್ಮ ಕಡೆ ಯಾರೇ ಬಾಗಿಲಿಗೆ ಬರಲಿ, ಬಳೆಗಾರ ಬರಲಿ, ಲೈಟಿನ ಬಿಲ್ಲಿನವನು ಬರಲಿ, ಜಗಳಕ್ಕೇ ಬಂದಿರಲಿ, ಮೊದಲು ಒಂದು ಚೊಂಬು ನೀರು ಕೊಡುತ್ತಾರೆ. ಅದಕ್ಕೆ ಯಾರ ಮೇಲೂ ಪ್ರೀತಿ ಇರಬೇಕಿಲ್ಲ. ನೆಗೆಣ್ಣಿ ಹೊರಗೆ ಬಂದಾಗ ಕೈಯಲ್ಲಿ ಒಂದೇ ಚೊಂಬು ಇತ್ತು. ನನ್ನ ಕೈಗೆ ಕೊಟ್ಟಳು. ಮತ್ತೆ ಕಟ್ಟೆಗೆ ಕೂತು ಮೊರ ಎತ್ತಿಕೊಂಡಳು. ಇನ್ನೊಂದು ಬರುತ್ತದೆಂದು ಹಿರಿಯಾಕೆ ಬಾಗಿಲು ನೋಡುತ್ತಿದ್ದಳು. ಬರಲಿಲ್ಲ.

ನಾನು ಚೊಂಬನ್ನು ಹಿರಿಯಾಕೆಯ ಕಡೆ ಚಾಚಿದೆ. ಅವಳ ಕೈ ಮೇಲೇಳಲಿಲ್ಲ. ನೆಗೆಣ್ಣಿಯ ಮೊರ ನಿಂತಿತು.

"ನಿನಗ ಕೊಟ್ಟಾಳ," ಎಂದಳು ಹಿರಿಯಾಕೆ. "ಕುಡಿ."

ಕುಡಿದೆ. ಚೊಂಬು ಖಾಲಿಯಾಗುವವರೆಗೂ ಅವಳು ಅಲ್ಲೇ ನಿಂತು ನೋಡಿದಳು, ಆಮೇಲೆ ಬಿಸಿಲಲ್ಲಿ ತನ್ನ ಮನೆಯ ಕಡೆ ನಡೆದಳು.